ತೂಕದ ದೋಷವೋ, ಶಾಫ್ಟಿನ ದೋಷವೋ: ಗಾಲ್ಫ್ ಕ್ಲಬ್ ಪರೀಕ್ಷಿಸುವ ಕ್ರಮ

ಚೆಂಡು ಬಲಕ್ಕೆ ಬಾಗಿದರೆ ‘ಶಾಫ್ಟ್ ಬಿರುಸಾಯಿತು’, ಎಡಕ್ಕೆ ಬಾಗಿದರೆ ‘ಶಾಫ್ಟ್ ಮೆದುವಾಯಿತು’. ಶಾಫ್ಟ್ ಎಂದರೆ ಕ್ಲಬ್ಬಿನ ಕೋಲು. ಡ್ರೈವಿಂಗ್ ರೇಂಜಿನಲ್ಲಿ, ಅಂದರೆ ಹೊಡೆತ ಅಭ್ಯಾಸ ಮಾಡುವ ಮೈದಾನದಲ್ಲಿ, ಪುಕ್ಕಟೆಯಾಗಿ ಸಿಗುವ ಸಲಹೆ ಬಹುಪಾಲು ಇಷ್ಟೇ. ಪೂರ್ತಿ ಸುಳ್ಳೇನಲ್ಲ. ಆದರೆ ಬಲಕ್ಕೆ ಬಾಗುವ ಅದೇ ಚೆಂಡು ತೀರಾ ಹಗುರವಾದ ಕ್ಲಬ್ಬಿನಿಂದಲೂ ಬರುತ್ತದೆ, ತೀರಾ ಭಾರದ್ದರಿಂದಲೂ ಬರುತ್ತದೆ, ಅರ್ಧ ಇಂಚು ಉದ್ದ ಜಾಸ್ತಿಯಾದರೂ, ಗ್ರಿಪ್ (ಕೈಹಿಡಿ) ದಪ್ಪವಾದರೂ ಬರುತ್ತದೆ. ಚೆಂಡು ಹೋದ ದಿಕ್ಕೊಂದನ್ನೇ ನಂಬಿ ಶಾಫ್ಟ್ ಬದಲಿಸಿದವರು ವರ್ಷಕ್ಕೆ ಮೂರು ಶಾಫ್ಟ್ ಬದಲಿಸುತ್ತಾರೆ, ಚೆಂಡು ಮಾತ್ರ ಬಲಕ್ಕೇ ಹೋಗುತ್ತಿರುತ್ತದೆ.

ಇಲ್ಲಿ ಹೇಳುವ ಕ್ರಮ ಬೇರೆ. ಚೆಂಡು ಎಲ್ಲಿಗೆ ಹೋಯಿತು ಎಂದು ನೋಡುವ ಮೊದಲು ಕ್ಲಬ್ಬಿನ ಮುಖದ ಮೇಲೆ ಎಲ್ಲಿ ತಾಗಿತು ಎಂದು ನೋಡಬೇಕು. ತಾಗಿದ ಗುರುತುಗಳು ಮುಖದ ತುಂಬ ಚದುರಿದ್ದರೆ ಅನುಮಾನ ಮೊದಲು ತೂಕ ಮತ್ತು ಉದ್ದದ ಮೇಲೆ. ಗುರುತುಗಳು ಒಂದೇ ಕಡೆ ಗುಂಪಾಗಿದ್ದೂ ಹಾರಾಟ ಸರಿಯಿಲ್ಲದಿದ್ದರೆ ಲಾಫ್ಟ್ (ಮುಖ ಹಿಂದಕ್ಕೆ ವಾಲಿದ ಕೋನ), ಲೈ (ನೆಲಕ್ಕೂ ಶಾಫ್ಟಿಗೂ ನಡುವಿನ ಕೋನ), ಗ್ರಿಪ್ ನೋಡಿ, ಕೊನೆಗೆ ಶಾಫ್ಟಿನ ಬಿರುಸಿಗೆ ಬನ್ನಿ. ಮುಂದಿನದೆಲ್ಲ ಬಲಗೈ ಆಟಗಾರರನ್ನು ಲೆಕ್ಕಕ್ಕಿಟ್ಟು ಬರೆದದ್ದು; ಎಡಗೈಯವರು ಎಡ–ಬಲ ತಿರುಗಿಸಿ ಓದಿಕೊಳ್ಳಬೇಕು.

ಮೊದಲು: ಕ್ಲಬ್ ಮುರಿದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ

ಸಡಿಲವಾದ ಹೆಡ್ಡು, ಅಂದರೆ ಚೆಂಡಿಗೆ ತಾಗುವ ತಲೆಭಾಗ, ಮೆದು ಶಾಫ್ಟಿನಂತೆಯೇ ನಟಿಸುತ್ತದೆ. ಒಂದು ಹೊಡೆತ ನೇರ, ಮುಂದಿನದು ಎಲ್ಲೋ. ಆದ್ದರಿಂದ ಐದು ನಿಮಿಷ ಇದಕ್ಕೆ ಕೊಡಿ.

ಕ್ಲಬ್ಬನ್ನು ತಲೆಕೆಳಗು ಮಾಡಿ ಕಿವಿಯ ಹತ್ತಿರ ಅಲ್ಲಾಡಿಸಿ. ಗಲಗಲ ಎಂದರೆ ಹೆಚ್ಚಿನ ಸಲ ಒಳಗೆ ಒಡೆದು ಬಿದ್ದ ಅಂಟಿನ ಚೂರು. ಕಿರಿಕಿರಿಯಷ್ಟೇ, ಹೊಡೆತ ಕೆಡುವುದಿಲ್ಲ. ‘ಟಿಕ್’ ಎಂದು ಒಂದೇ ಕಡೆಯಿಂದ ಸದ್ದು ಬಂದರೆ ವಿಷಯ ಬೇರೆ. ಒಂದು ಕೈಯಲ್ಲಿ ಹೆಡ್ಡನ್ನು, ಇನ್ನೊಂದರಲ್ಲಿ ಶಾಫ್ಟನ್ನು ಗಟ್ಟಿಯಾಗಿ ಹಿಡಿದು ಬಟ್ಟೆ ಹಿಂಡುವಂತೆ ತಿರುಚಿ. ಕೂದಲೆಳೆಯಷ್ಟು ಜರುಗಿದರೂ ಅಂಟು ಬಿಟ್ಟಿದೆ. ಫೆರೂಲ್, ಅಂದರೆ ಶಾಫ್ಟು ಹೆಡ್ಡಿನೊಳಗೆ ಇಳಿಯುವಲ್ಲಿ ಇರುವ ಕಪ್ಪು ಪ್ಲಾಸ್ಟಿಕ್ ಬಳೆ, ಹೆಡ್ಡಿನಿಂದ ಮೇಲೆದ್ದು ಉಗುರು ಹೋಗುವಷ್ಟು ಸಂದು ಕಾಣುತ್ತಿದ್ದರೆ ಅದೂ ಒಂದು ಸೂಚನೆ. ಬರೀ ಫೆರೂಲ್ ಮೇಲೆದ್ದಿದ್ದರೆ ಅಪಾಯವಿಲ್ಲ. ಜೊತೆಗೆ ತಿರುಚಿದಾಗ ಜರುಗಿದರೆ ಆ ಕ್ಲಬ್ಬಿನಲ್ಲಿ ಇನ್ನೊಂದು ಹೊಡೆತವೂ ಬೇಡ. ಹೆಡ್ಡು ಕಳಚಿ ಹಾರಿದರೆ ಯಾರಿಗೆ ಬಡಿಯುತ್ತದೋ ಹೇಳಲಾಗದು. ಮತ್ತೆ ಅಂಟಿಸಿದ ಮೇಲೆ ಎರಡು ಭಾಗದ ಎಪಾಕ್ಸಿಗೆ 24 ಗಂಟೆ ಬಿಡಬೇಕು. ಬೇಗ ಒಣಗುವ 5 ನಿಮಿಷದ ಅಂಟು ಪರೀಕ್ಷೆಗೆ ಮಾತ್ರ ಸಾಕು, ಆಟಕ್ಕೆ ಸಾಲದು.

ಬಿಚ್ಚಿ ಜೋಡಿಸುವ ಹೆಡ್ಡಾದರೆ ಅದರ ತಿರುಪನ್ನು ಜೊತೆಗೆ ಬಂದ ವ್ರೆಂಚಿನಿಂದಲೇ ಬಿಗಿ ಮಾಡಿ. ಸಾಮಾನ್ಯವಾಗಿ ಆ ವ್ರೆಂಚು 40 ಇಂಚು-ಪೌಂಡಿಗೆ ‘ಟಕ್’ ಎಂದು ಜಾರುತ್ತದೆ. ಅದೇ ಸರಿಯಾದ ಬಿಗಿ. ಕೈಬಲದಿಂದ ಅದಕ್ಕಿಂತ ಹೆಚ್ಚು ತಿರುಗಿಸಿದರೆ ತಿರುಪಿನ ತಲೆ ಹೋಗುತ್ತದೆ. ಗ್ರಾಫೈಟ್ ಶಾಫ್ಟಾದರೆ ಹೆಡ್ಡಿನ ಮೇಲಿನ ನಾಲ್ಕಾರು ಇಂಚನ್ನು ಬೆಳಕಿನಲ್ಲಿ ತಿರುಗಿಸುತ್ತ ನೋಡಿ, ಉಗುರು ಎಳೆದು ನೋಡಿ. ಬಣ್ಣದ ಮೇಲಿನ ಗೀರು ಉಗುರಿಗೆ ನುಣುಪಾಗಿರುತ್ತದೆ, ಬಿರುಕು ತಡೆಯುತ್ತದೆ. ಸ್ಟೀಲ್ ಶಾಫ್ಟು ಬಾಗಿದೆಯೇ ಎಂದು ತಿಳಿಯಲು ಗ್ರಿಪ್ಪೂ ಹೆಡ್ಡೂ ಅಂಚಿನಾಚೆ ಇರುವಂತೆ ಸಮತಟ್ಟಾದ ಮೇಜಿನ ಮೇಲಿಟ್ಟು ಉರುಳಿಸಿ, ಕೆಳಗಿನಿಂದ ಬೆಳಕು ಇಣುಕುತ್ತದೆಯೇ ನೋಡಿ.

ಇನ್ನು ಗ್ರಿಪ್. ರಬ್ಬರ್ ಹೊಳಪು ಬಂದು ಜಾರತೊಡಗಿದರೆ ಆಟಗಾರ ತನಗೇ ಗೊತ್ತಿಲ್ಲದೆ ಬಿಗಿಯಾಗಿ ಹಿಡಿಯುತ್ತಾನೆ. ಮುಂಗೈ ಗಟ್ಟಿಯಾಗುತ್ತದೆ, ಮಣಿಕಟ್ಟು ಬಿಚ್ಚಿಕೊಳ್ಳುವುದಿಲ್ಲ, ಒಳ್ಳೆಯ ಶಾಫ್ಟೂ ‘ಹಲಗೆಯಂತಿದೆ’ ಅನ್ನಿಸುತ್ತದೆ. ಹೊಸ ಗ್ರಿಪ್ ಹಾಕದೆ ಈ ಮುಂದಿನ ಪರೀಕ್ಷೆಗೆ ಇಳಿಯುವುದು ವ್ಯರ್ಥ.

ಗುರುತು ಹಿಡಿಯುವ ಪರೀಕ್ಷೆ

ಬೇಕಾದದ್ದು: ಪಾದಕ್ಕೆ ಹೊಡೆಯುವ ಪೌಡರ್ ಸ್ಪ್ರೇ, ಒಂದು ಗ್ರಾಂವರೆಗೆ ತೋರಿಸುವ ಡಿಜಿಟಲ್ ತಕ್ಕಡಿ, ಅರ್ಧ ಇಂಚು ಅಗಲದ ಸೀಸದ ಟೇಪು, ಅಳತೆ ಟೇಪು, ಬಟ್ಟೆ, ಬರೆದುಕೊಳ್ಳಲು ಹಾಳೆ. ಸ್ಪ್ರೇಯನ್ನು ಒಂದಡಿ ದೂರದಿಂದ ತೆಳ್ಳಗೆ ಹಾಕಿ. ಒಂದು ಚೆಂಡು ಹೊಡೆದು ಮುಖವನ್ನು ಹತ್ತಿರದಿಂದ ನೋಡಿದರೆ ಬಿಳಿ ಪುಡಿಯಲ್ಲಿ ಚೆಂಡಿನ ಗುಳಿಗಳ ಅಚ್ಚು, ಸಣ್ಣ ಜೇನುಹುಟ್ಟಿನ ತುಂಡಿನ ಹಾಗೆ, ಸ್ಪಷ್ಟವಾಗಿ ಕೂತಿರುತ್ತದೆ. ಅದರ ನಡುವನ್ನು ಹಾಳೆಯ ಮೇಲೆ ಬಿಡಿಸಿದ ಮುಖದ ಚಿತ್ರದಲ್ಲಿ ಚುಕ್ಕೆಯಾಗಿ ಇಡಿ, ಒರೆಸಿ, ಮತ್ತೆ ಸ್ಪ್ರೇ ಮಾಡಿ.

ಒಂದು ಎಚ್ಚರಿಕೆ. ಪುಡಿ ಇದ್ದಾಗ ಮುಖಕ್ಕೂ ಚೆಂಡಿಗೂ ನಡುವಿನ ಘರ್ಷಣೆ ಕಡಿಮೆ. ಚೆಂಡು ತುಸು ಎತ್ತರಕ್ಕೆ ಹೊರಡುತ್ತದೆ, ಸ್ಪಿನ್ (ಚೆಂಡಿನ ಸುತ್ತು) ಇಳಿಯುತ್ತದೆ. ಆದ್ದರಿಂದ ಪುಡಿ ಹಾಕಿದ ಹೊಡೆತಗಳಿಂದ ತಾಗಿದ ಜಾಗವನ್ನಷ್ಟೇ ತಿಳಿಯಿರಿ. ಹಾರಾಟ ನೋಡಲು ಒರೆಸಿದ ಮುಖದಿಂದ ಬೇರೆಯೇ 10 ಚೆಂಡು ಹೊಡೆಯಿರಿ.

ಮೈ ಬಿಸಿಯಾದ ಮೇಲೆ 12 ಚೆಂಡು. ಮೊದಲ 3, ಕೊನೆಯ 3 ಚುಕ್ಕೆಗಳಿಗೆ ಬೇರೆ ಬಣ್ಣ ಕೊಡಿ. ಇದು ಯಾಕೆಂದರೆ ಮೈಯಿಗೆ ಹೊಂದಿಕೊಳ್ಳುವ ಗುಣವಿದೆ. ಯಾವ ಕ್ಲಬ್ಬನ್ನಾದರೂ ಹತ್ತು ಸಲ ಬೀಸಿದರೆ ಕೈ ಅದಕ್ಕೆ ಹೇಗೋ ಪಳಗಿಬಿಡುತ್ತದೆ, ದೋಷ ಮರೆಯಾಗುತ್ತದೆ. ಆಟದಲ್ಲಿ ಡ್ರೈವರ್, ಅಂದರೆ ಅತಿ ದೂರ ಹೊಡೆಯುವ ಉದ್ದನೆಯ ಕ್ಲಬ್, ಹೊರಗೆ ಬರುವುದು ಹದಿನೈದು ನಿಮಿಷಕ್ಕೊಮ್ಮೆ, ಪಳಗಲು ಸಮಯವಿಲ್ಲ. ಹಾಗಾಗಿ ಮೊದಲ ಮೂರು ಚುಕ್ಕೆಗಳೇ ನಿಜ ಹೇಳುವುದು. ಕೊನೆಯ ಮೂರು ಕೆಟ್ಟು ಮೊದಲ ಮೂರು ಚೆನ್ನಾಗಿದ್ದರೆ ಅದು ದಣಿವು, ಒಟ್ಟು ತೂಕದತ್ತ ಬೆರಳು ತೋರಿಸುತ್ತದೆ. ಎರಡು ಕ್ಲಬ್ ಹೋಲಿಸುವಾಗಲೂ ಇದೇ ಕಾರಣಕ್ಕೆ ಮೂರು ಮೂರು ಚೆಂಡಿಗೆ ಕ್ಲಬ್ ಬದಲಿಸುತ್ತ ಹೋಗಿ.

ತೂಕ ಎಂದರೆ ಯಾವ ತೂಕ?

ಎರಡು ಲೆಕ್ಕ ಇದೆ, ಜನ ಎರಡನ್ನೂ ಕಲಸುತ್ತಾರೆ. ಒಂದು, ತಕ್ಕಡಿಯ ಮೇಲಿಟ್ಟರೆ ಬರುವ ಒಟ್ಟು ತೂಕ. ಈಗಿನ ಡ್ರೈವರ್ 300 ಗ್ರಾಂ ಆಸುಪಾಸು: ಹೆಡ್ಡು 200ರ ಹತ್ತಿರ, ಶಾಫ್ಟು 45ರಿಂದ 75, ಗ್ರಿಪ್ಪು 50. ಸ್ಟೀಲ್ ಶಾಫ್ಟಿನ 7 ನಂಬರ್ ಐರನ್ (ತೆಳು ಲೋಹದ ಹೆಡ್ಡಿನ, ನಡು ದೂರದ ಕ್ಲಬ್) 410ರಿಂದ 440 ಗ್ರಾಂ. ಇನ್ನೊಂದು ಸ್ವಿಂಗ್ ವೇಟ್, ಅಂದರೆ ಕೈಯಲ್ಲಿ ಹಿಡಿದಾಗ ಹೆಡ್ಡು ಎಷ್ಟು ಜಗ್ಗುತ್ತದೆ ಎಂಬುದರ ಅಳತೆ. 1920ರ ದಶಕದಲ್ಲಿ ರಾಬರ್ಟ್ ಆಡಮ್ಸ್ ರೂಪಿಸಿದ ತಕ್ಕಡಿಯಲ್ಲಿ ಗ್ರಿಪ್ಪಿನ ತುದಿಯಿಂದ 14 ಇಂಚು ಕೆಳಗೆ ಆಧಾರವಿಟ್ಟು ತೂಗುತ್ತಾರೆ. ಎ0ಯಿಂದ ಜಿವರೆಗೆ ಅಕ್ಷರ ಮತ್ತು ಅಂಕೆಗಳಲ್ಲಿ ಉತ್ತರ ಬರುತ್ತದೆ. ಸಿ9 ಆದ ಮೇಲೆ ಡಿ0. ಗಂಡಸರ ಕ್ಲಬ್ಬುಗಳು ಸಾಮಾನ್ಯವಾಗಿ ಡಿ0ಯಿಂದ ಡಿ3, ಹೆಂಗಸರವು ಸಿ5ರಿಂದ ಸಿ7, ವೆಜ್‌ಗಳು (ಹತ್ತಿರದ, ಎತ್ತರದ ಹೊಡೆತಕ್ಕೆ ಬಳಸುವ ಕ್ಲಬ್ಬುಗಳು) ಅದಕ್ಕಿಂತ ಒಂದೆರಡು ಅಂಕ ಭಾರ.

ಬಾಯಿಪಾಠ ಇರಬೇಕಾದ ಲೆಕ್ಕ ಇಷ್ಟು. ಹೆಡ್ಡಿಗೆ 2 ಗ್ರಾಂ ಸೇರಿದರೆ ಸ್ವಿಂಗ್ ವೇಟ್ 1 ಅಂಕ ಏರುತ್ತದೆ. ಉದ್ದ ಅರ್ಧ ಇಂಚು ಹೆಚ್ಚಿದರೆ 3 ಅಂಕ. ಶಾಫ್ಟು ಸುಮಾರು 9 ಗ್ರಾಂ ಭಾರವಾದರೆ 1 ಅಂಕ. ಗ್ರಿಪ್ಪು 4ರಿಂದ 5 ಗ್ರಾಂ ಭಾರವಾದರೆ 1 ಅಂಕ ಇಳಿಯುತ್ತದೆ.

ಕೊನೆಯದರಲ್ಲೇ ಮೋಸವಿದೆ. 50 ಗ್ರಾಂ ಗ್ರಿಪ್ ತೆಗೆದು 65 ಗ್ರಾಂ ಗ್ರಿಪ್ ಹಾಕಿದಿರಿ ಎನ್ನಿ. ಡಿ2 ಇದ್ದದ್ದು ಸಿ9ಕ್ಕೆ ಇಳಿಯಿತೆಂದು ತಕ್ಕಡಿ ಹೇಳುತ್ತದೆ. ಹೆಡ್ಡಿನಿಂದ ಒಂದು ಗ್ರಾಂ ಕೂಡ ಹೋಗಿಲ್ಲ. ಸೇರಿದ ತೂಕವೆಲ್ಲ ಕೈಯ ಕೆಳಗೇ ಇರುವುದರಿಂದ ಬೀಸುವಾಗ ವ್ಯತ್ಯಾಸ ತೀರಾ ಕಡಿಮೆ. ಅದನ್ನು ‘ಸರಿಪಡಿಸಲು’ ಹೆಡ್ಡಿಗೆ 6 ಗ್ರಾಂ ಅಂಟಿಸಿದರೆ ಆಗ ನಿಜಕ್ಕೂ ಕ್ಲಬ್ ಹಾಳಾಗುತ್ತದೆ. ಹಾಗೆಯೇ 285 ಗ್ರಾಂನ ಡ್ರೈವರ್ ಡಿ2 ಇರಬಹುದು, 325 ಗ್ರಾಂನದ್ದೂ ಡಿ2 ಇರಬಹುದು. ಅವೆರಡೂ ಒಂದೇ ಎಂದು ಯಾವ ಕೈಯೂ ಒಪ್ಪುವುದಿಲ್ಲ. ಎರಡೂ ಅಂಕಿಗಳನ್ನು ಬರೆದಿಡಿ, ಒಂದರಿಂದ ಇನ್ನೊಂದನ್ನು ಊಹಿಸಬೇಡಿ.

ತೀರಾ ಹಗುರವಾದಾಗ

ಕ್ಲಬ್ ಹಗುರವಾದರೆ ಹೆಚ್ಚು ವೇಗ, ಹೆಚ್ಚು ವೇಗವಾದರೆ ಹೆಚ್ಚು ದೂರ ಎಂಬ ಲೆಕ್ಕ ಕಾಗದದ ಮೇಲೆ ಚಂದ. ಶಾಫ್ಟಿನಿಂದ 15–20 ಗ್ರಾಂ ಇಳಿಸಿದರೆ ಗಂಟೆಗೆ ಒಂದೆರಡು ಮೈಲಿ ಸಿಗಬಹುದು. ಆದರೆ ಮುಖದ ನಡುವಿನಿಂದ ಅರ್ಧ ಇಂಚು ಪಕ್ಕಕ್ಕೆ ತಾಗಿದ ಒಂದೇ ಹೊಡೆತದಲ್ಲಿ ಆ ಲಾಭ ಹೊರಟುಹೋಗುತ್ತದೆ.

ಹಗುರ ಕ್ಲಬ್ಬಿನ ಲಕ್ಷಣ ಹೀಗೆ. ಮೇಲೆತ್ತಿದ ಕ್ಲಬ್ ತಿರುಗಿ ಕೆಳಗೆ ಬರುವ ಘಳಿಗೆಯಲ್ಲಿ ಹೆಡ್ಡು ಎಲ್ಲಿದೆ ಎಂಬ ಅರಿವೇ ಕೈಗೆ ಇರುವುದಿಲ್ಲ. ಭುಜ ಮತ್ತು ತೋಳು ಆತುರಪಡುತ್ತವೆ, ಸೊಂಟ ತಿರುಗುವ ಮೊದಲೇ ಕೈ ಹೊರಗಿನಿಂದ ಮೇಲೆ ಹಾಯ್ದು ಬರುತ್ತದೆ. ಚುಕ್ಕೆಗಳು ಹೀಲಿನ (ಮುಖದಲ್ಲಿ ಶಾಫ್ಟಿಗೆ ಹತ್ತಿರದ ಬದಿ) ಕಡೆ ಚದುರುತ್ತವೆ, ಚೆಂಡು ಎಡಕ್ಕೆ ಹೊರಟು ಬಲಕ್ಕೆ ಬಾಗುತ್ತದೆ, ನಡುನಡುವೆ ಒಂದು ಎಡಕ್ಕೇ ನೇರವಾಗಿ ಎಳೆದಂತೆ ಹೋಗುತ್ತದೆ. ಐರನ್‌ನಲ್ಲಾದರೆ ಚೆಂಡಿನ ಹೊಟ್ಟೆಗೆ ತಾಗುವ ಹೊಡೆತಗಳು ಹೆಚ್ಚು. ಇದನ್ನು ಕಂಡವರು ‘ಸ್ಲೈಸ್ (ಬಲಕ್ಕೆ ಬಾಗುವ ಹೊಡೆತ) ಇದೆ, ಇನ್ನೂ ಮೆದು ಶಾಫ್ಟ್ ಹಾಕಿ’ ಎನ್ನುತ್ತಾರೆ. ಮೆದು ಶಾಫ್ಟು ಬಹುಮಟ್ಟಿಗೆ ಇನ್ನೂ ಹಗುರವಾಗಿರುತ್ತದೆ. ರೋಗಕ್ಕೆ ರೋಗವೇ ಮದ್ದು.

ಪರೀಕ್ಷೆ ಸುಲಭ. ಸೀಸದ ಟೇಪಿನ 4 ಇಂಚು ತುಂಡು ಸುಮಾರು 2 ಗ್ರಾಂ ಬರುತ್ತದೆ. ತಯಾರಿಯಿಂದ ತಯಾರಿಗೆ ವ್ಯತ್ಯಾಸವಿರುವುದರಿಂದ ನಿಮ್ಮ ತಕ್ಕಡಿಯಲ್ಲೇ ತೂಗಿ. ಹೆಡ್ಡಿನ ಹಿಂಬದಿಯ ನಡುವಿಗೆ 4 ಗ್ರಾಂ ಅಂಟಿಸಿ 12 ಚೆಂಡು ಹೊಡೆಯಿರಿ, ಚುಕ್ಕೆ ಹಾಕಿ. ಆಮೇಲೆ ಅದನ್ನು ತೆಗೆದು ಗ್ರಿಪ್ಪಿನ ಕೆಳ ಅಂಚಿನ ಪಕ್ಕ ಶಾಫ್ಟಿಗೆ 12 ಗ್ರಾಂ ಸುತ್ತಿ ಮತ್ತೆ 12. ಮೊದಲನೆಯದರಲ್ಲಿ ಚುಕ್ಕೆಗಳು ಒಟ್ಟಾದರೆ ಕೊರತೆ ಹೆಡ್ಡಿನದು. ಎರಡನೆಯದರಲ್ಲಿ ಒಟ್ಟಾದರೆ ಒಟ್ಟು ತೂಕದ್ದು, ಅಂದರೆ 10–15 ಗ್ರಾಂ ಭಾರದ ಶಾಫ್ಟು ನಿಮಗೆ ಬೇಕು. ಎರಡರಲ್ಲೂ ಏನೂ ಬದಲಾಗದಿದ್ದರೆ ತೂಕವನ್ನು ಬಿಟ್ಟು ಉದ್ದಕ್ಕೆ ಬನ್ನಿ. ಟೇಪನ್ನು ಹೀಲಿಗೋ ಟೋಗೋ (ಹೀಲಿನ ಎದುರು ತುದಿ) ಅಂಟಿಸಬೇಡಿ. ಆಗ ತೂಕದ ಜೊತೆ ಹೆಡ್ಡಿನ ಗುರುತ್ವ ಕೇಂದ್ರವೂ ಜರುಗಿ, ಯಾವುದರಿಂದ ಏನಾಯಿತೆಂದು ತಿಳಿಯದು. ಸೀಸ ಮುಟ್ಟಿದ ಕೈಯನ್ನು ಊಟಕ್ಕೆ ಮೊದಲು ತೊಳೆಯಿರಿ.

ತೀರಾ ಭಾರವಾದಾಗ

ಭಾರದ ಕ್ಲಬ್ಬಿನ ತೊಂದರೆ ಬೇಗ ಕಾಣುವುದಿಲ್ಲ, ಮೊದಲ ಐದಾರು ಹೋಲ್‌ಗಳಲ್ಲಿ ಎಲ್ಲ ಸರಿಯಿರುತ್ತದೆ. ಆಮೇಲೆ ಹೆಡ್ಡು ಕೈಗಿಂತ ಹಿಂದೆ ಬೀಳತೊಡಗುತ್ತದೆ. ಮುಖ ತೆರೆದೇ ಇರುವಾಗ ಚೆಂಡು ತಾಗಿ ನೇರ ಬಲಕ್ಕೆ ಹೋಗುತ್ತದೆ. ಐರನ್ ಚೆಂಡಿಗೆ ಮುಂಚೆಯೇ ನೆಲ ಅಗೆಯುತ್ತದೆ. ಬೀಸಿ ಮುಗಿಸಿದ ಭಂಗಿಯಲ್ಲಿ ಎರಡು ಎಣಿಸುವಷ್ಟು ಹೊತ್ತು ನಿಲ್ಲಲಾಗದಿದ್ದರೆ ಅದೂ ಒಂದು ಗುರುತು. ಸ್ವಿಂಗ್ ವೇಟ್ ಮಾತ್ರ ಹೆಚ್ಚಾಗಿ ಒಟ್ಟು ತೂಕ ಸರಿಯಿದ್ದರೆ ಟೋ ಕಡೆ ಮತ್ತು ಮುಖದ ಕೆಳಭಾಗದಲ್ಲಿ ಚುಕ್ಕೆಗಳು ಬೀಳುವುದುಂಟು.

ಭಾರ ಕಡಿಮೆ ಮಾಡಿ ಪರೀಕ್ಷಿಸುವುದು ಸೇರಿಸುವಷ್ಟು ಸುಲಭವಲ್ಲ. ತಿರುಪಿನ ತೂಕವಿರುವ ಹೆಡ್ಡಾದರೆ ಹಗುರ ತಿರುಪು ಹಾಕಿ ನೋಡಬಹುದು. ಇಲ್ಲದಿದ್ದರೆ ಗ್ರಿಪ್ಪನ್ನು ಅರ್ಧ ಇಂಚು ಕೆಳಗೆ ಹಿಡಿಯಿರಿ. ಕೈಗೆ ಸುಮಾರು 3 ಅಂಕ ಹಗುರವಾದ ಕ್ಲಬ್ ಸಿಕ್ಕಂತೆ. ಅದರಿಂದ ಚುಕ್ಕೆ ನಡುವಿಗೆ ಬಂದರೆ ದಾರಿ ಸಿಕ್ಕಿತು.

ಉದ್ದ

ಅಂಗಡಿಯ ಡ್ರೈವರ್‌ಗಳು ಹೆಚ್ಚಾಗಿ 45.5ರಿಂದ 46 ಇಂಚು ಇರುತ್ತವೆ. ನಿಯಮದ ಗರಿಷ್ಠ ಮಿತಿ 48 ಇಂಚು. ವೃತ್ತಿಪರ ಸ್ಪರ್ಧೆಗಳಿಗೆ 46ಕ್ಕೆ ಇಳಿಸುವ ಸ್ಥಳೀಯ ನಿಯಮ 2022ರಿಂದ ಬಂದಿದೆ. ಉದ್ದ ಹೆಚ್ಚಿಸಿದ್ದು ದೂರದ ಆಸೆಗೆ, ಅದಕ್ಕೆ ಸರಿಹೊಂದಲಿ ಎಂದು ಹೆಡ್ಡನ್ನೂ ಶಾಫ್ಟನ್ನೂ ಹಗುರ ಮಾಡಿದರು. ಉದ್ದ ಮತ್ತು ಹಗುರ ಎರಡೂ ಸೇರಿದಾಗ ಗುರುತು ಹೀಲಿನಿಂದ ಟೋವರೆಗೆ ಹರಡುತ್ತದೆ. ನಮ್ಮ ಅನುಭವದಲ್ಲಿ ಡ್ರೈವರಿನ ‘ಶಾಫ್ಟ್ ದೋಷ’ ಎಂದು ಬರುವ ದೂರುಗಳಲ್ಲಿ ಬಹಳಷ್ಟು ಮುಕ್ಕಾಲು ಇಂಚು ಕತ್ತರಿಸಿದರೆ ಮುಗಿಯುವಂಥವು.

ಕತ್ತರಿಸುವ ಮುಂಚೆ ಅಷ್ಟೇ ಕೆಳಗೆ ಹಿಡಿದು ಒಂದು ವಾರ ಆಡಿ. ಕತ್ತರಿಸುವುದು ಗ್ರಿಪ್ಪಿನ ಕಡೆಯಿಂದ. ಗ್ರಾಫೈಟಾದರೆ ಕತ್ತರಿಸುವ ಜಾಗಕ್ಕೆ ಮಾಸ್ಕಿಂಗ್ ಟೇಪ್ ಬಿಗಿಯಾಗಿ ಸುತ್ತಿ, ಅದರ ಮೇಲೆ ಸಣ್ಣ ಹಲ್ಲಿನ ಗರಗಸದಿಂದ ಶಾಫ್ಟನ್ನು ತಿರುಗಿಸುತ್ತ ಕೊಯ್ಯಿರಿ, ಇಲ್ಲದಿದ್ದರೆ ನಾರುಗಳು ಸೀಳುತ್ತವೆ. ಧೂಳು ಒಳಗೆ ಹೋಗದಂತೆ ಮುಖವಸ್ತ್ರ ಹಾಕಿಕೊಳ್ಳಿ. ಮುಕ್ಕಾಲು ಇಂಚು ಹೋದರೆ ಸ್ವಿಂಗ್ ವೇಟ್ ನಾಲ್ಕೂವರೆ ಅಂಕ ಇಳಿಯುತ್ತದೆ. ಪೂರ್ತಿ ಮರಳಿಸಬೇಕೆಂದರೆ ಹೆಡ್ಡಿಗೆ 9 ಗ್ರಾಂ. ಸಾಮಾನ್ಯವಾಗಿ 4–5 ಗ್ರಾಂಗೇ ಕೈಗೆ ಹಿತವೆನಿಸುತ್ತದೆ, ಅಲ್ಲಿಂದ ಶುರುಮಾಡಿ.

ಈಗ ಶಾಫ್ಟಿನ ಬಿರುಸು

ಶಾಫ್ಟು ಬಿಲ್ಲಿನಂತೆ ಬಾಗಿ ಚೆಂಡನ್ನು ಚಿಮ್ಮಿಸುತ್ತದೆ ಎಂಬ ಚಿತ್ರವನ್ನು ತಲೆಯಿಂದ ತೆಗೆಯಬೇಕು. ಕೆಳಗೆ ಬೀಸಲು ತೊಡಗಿದಾಗ ಕೈ ಮುಂದೆ ಹೋಗುತ್ತದೆ, ಹೆಡ್ಡು ಜಡತ್ವದಿಂದ ಹಿಂದುಳಿಯುತ್ತದೆ, ಶಾಫ್ಟು ಹಿಂದಕ್ಕೆ ಬಾಗುತ್ತದೆ. ಇದು ಆರಂಭದ ಕತೆ. ಚೆಂಡು ಹತ್ತಿರವಾಗುವ ವೇಳೆಗೆ ಬಾಗು ತಿರುಗುಮುರುಗು. ಹೆಡ್ಡಿನ ಗುರುತ್ವ ಕೇಂದ್ರ ಶಾಫ್ಟಿನ ನೇರದಲ್ಲಿಲ್ಲ, ಅದರ ಹಿಂದೆ ಮತ್ತು ಟೋ ಕಡೆಗಿದೆ. ವೇಗವಾಗಿ ಸುತ್ತುವಾಗ ಆ ಕೇಂದ್ರ ಕೈಯ ನೇರಕ್ಕೆ ಬರಲು ಎಳೆಯುತ್ತದೆ. ಇದರಿಂದ ಶಾಫ್ಟಿನ ಕೆಳತುದಿ ಮುಂದಕ್ಕೆ ಬಾಗಿ ಲಾಫ್ಟ್ ಹೆಚ್ಚುತ್ತದೆ, ಮುಖ ತುಸು ಮುಚ್ಚುತ್ತದೆ, ಟೋ ಕೆಳಗಿಳಿಯುತ್ತದೆ. ಚೆಂಡು ಮುಖದ ಮೇಲಿರುವುದು ಅರ್ಧ ಮಿಲಿಸೆಕೆಂಡಿನಷ್ಟೇ. ಆ ಹೊತ್ತಿನಲ್ಲಿ ಶಾಫ್ಟಿಗೆ ಮಾಡಲು ಏನೂ ಉಳಿದಿಲ್ಲ. ಅಂದರೆ ಬಿರುಸು ಮುಟ್ಟುವುದು ಬಹುಮಟ್ಟಿಗೆ ಎತ್ತರವನ್ನು, ಆಮೇಲೆ ದಿಕ್ಕನ್ನು. ವೇಗದ ಮೇಲೆ ಅದರ ಪ್ರಭಾವ ಅಲ್ಪ.

ಹಾಗಾಗಿ ಗುರುತುಗಳು ಮುಖದ ನಡುವೆ ಗುಂಪಾಗಿದ್ದು,

ಚೆಂಡು ತಗ್ಗಿನಲ್ಲಿ ಹೊರಟು ಬಲಕ್ಕೆ ಜಾರುತ್ತಿದ್ದರೆ, ಲಾಫ್ಟ್ ಸಾಕಷ್ಟಿದ್ದರೂ ಏಳದಿದ್ದರೆ, ಎಷ್ಟು ಬಲವಾಗಿ ಹೊಡೆದರೆ ಅಷ್ಟು ಸರಿಹೋಗುತ್ತಿದ್ದರೆ ಶಾಫ್ಟ್ ಬಿರುಸು.

ಎತ್ತರಕ್ಕೆ ಹೊರಟು ಎಡಕ್ಕೆ ತಿರುಗುತ್ತಿದ್ದರೆ, ಮೆಲ್ಲಗೆ ಬೀಸಿದಾಗ ನೇರ ಹೋಗಿ ಬಲ ಹಾಕಿದಾಗ ಮಾತ್ರ ಎಡಕ್ಕೆ ಹೋಗುತ್ತಿದ್ದರೆ ಶಾಫ್ಟ್ ಮೆದು.

ಈ ‘ಬಲ ಬದಲಿಸಿದಾಗ ಏನಾಗುತ್ತದೆ’ ಎಂಬ ಪರೀಕ್ಷೆಯೇ ನಂಬತಕ್ಕದ್ದು. ಮುಕ್ಕಾಲು ಬಲದಲ್ಲಿ 6 ಚೆಂಡು, ಪೂರ್ತಿ ಬಲದಲ್ಲಿ 6. ಎರಡರಲ್ಲೂ ಚೆಂಡು ಒಂದೇ ತಪ್ಪು ಮಾಡಿದರೆ ಶಾಫ್ಟನ್ನು ದೂಷಿಸಬೇಡಿ. ಅದು ಲಾಫ್ಟೋ, ಲೈಯೋ, ಇಲ್ಲವೇ ಆಟಗಾರನದೇ ತಪ್ಪು. ಬಲದ ಜೊತೆಗೆ ತಪ್ಪೂ ಏರಿಳಿದರೆ ಶಾಫ್ಟನ್ನು ಮುಟ್ಟಿ.

ಶಾಫ್ಟಿನ ಮೇಲಿನ ಅಕ್ಷರ

ಎಲ್, ಎ, ಆರ್, ಎಸ್, ಎಕ್ಸ್: ಮೆದುವಿನಿಂದ ಬಿರುಸಿಗೆ ಈ ಕ್ರಮ. ಡ್ರೈವರಿನ ವೇಗ ಗಂಟೆಗೆ 85ರಿಂದ 95 ಮೈಲಿ ಇದ್ದರೆ ಆರ್, 95ರಿಂದ 105 ಇದ್ದರೆ ಎಸ್, ಅದಕ್ಕಿಂತ ಹೆಚ್ಚಾದರೆ ಎಕ್ಸ್, 85ಕ್ಕಿಂತ ಕಡಿಮೆಯಾದರೆ ಎ ಎಂಬ ಪಟ್ಟಿ ಎಲ್ಲೆಡೆ ಸಿಗುತ್ತದೆ. ಶುರುಮಾಡಲು ಸಾಕು. ಆದರೆ ಈ ಅಕ್ಷರಗಳಿಗೆ ಎಲ್ಲ ತಯಾರಕರೂ ಒಪ್ಪಿದ ಅಳತೆಯೇ ಇಲ್ಲ. ಒಬ್ಬರ ಆರ್ ಇನ್ನೊಬ್ಬರ ಎಸ್‌ಗಿಂತ ಬಿರುಸಾಗಿರುವುದು ಅಪರೂಪವಲ್ಲ. ಗ್ರಿಪ್ಪಿನ ತುದಿಯನ್ನು ಬಿಗಿದು ಹೆಡ್ಡಿನ ತುದಿಯನ್ನು ಮೀಟಿ, ನಿಮಿಷಕ್ಕೆ ಎಷ್ಟು ಕಂಪನ ಎಂದು ಎಣಿಸುವ ಯಂತ್ರವಿದೆ. ಡ್ರೈವರಿನಲ್ಲಿ ಆರ್ ಸುಮಾರು 250, ಎಸ್ ಸುಮಾರು 260 ತೋರಿಸುತ್ತದೆ, ಒಂದು ದರ್ಜೆಗೆ 10ರಷ್ಟು ಅಂತರ. ಎಷ್ಟು ಇಂಚು ಬಿಗಿದಿದ್ದಾರೆ ಎಂಬುದರ ಮೇಲೆ ಅಂಕಿ ಬದಲಾಗುವುದರಿಂದ ಒಂದೇ ಯಂತ್ರದಲ್ಲಿ ಎಣಿಸಿದ್ದನ್ನು ಮಾತ್ರ ಹೋಲಿಸಿ.

ವೇಗಕ್ಕಿಂತ ಮುಖ್ಯವಾದದ್ದು ಬೀಸುವ ರೀತಿ. ಇಬ್ಬರದೂ 95 ಮೈಲಿ ಇರಬಹುದು. ಒಬ್ಬರು ಮೇಲೆ ಒಂದು ಕ್ಷಣ ತಡೆದು ನಿಧಾನವಾಗಿ ವೇಗ ಏರಿಸುತ್ತಾರೆ, ಇನ್ನೊಬ್ಬರು ಮೇಲಿಂದಲೇ ಝಾಡಿಸಿ ಎಳೆದು, ಮಣಿಕಟ್ಟನ್ನು ಕೊನೆವರೆಗೆ ಬಿಡದೆ ಹಿಡಿದಿರುತ್ತಾರೆ. ಮೊದಲನೆಯವರಿಗೆ 55 ಗ್ರಾಂನ ಆರ್ ಹೊಂದಬಹುದು, ಎರಡನೆಯವರಿಗೆ 65–70 ಗ್ರಾಂನ ಎಸ್ ಬೇಕಾಗಬಹುದು. ವಯಸ್ಸು ನೋಡಿ ಶಾಫ್ಟ್ ಕೊಡುವ ಪದ್ಧತಿಗೆ ಅರ್ಥವಿಲ್ಲ.

ಪರೀಕ್ಷೆ ಕೆಡುವುದು ಇಲ್ಲೇ. ಒಂದೇ ಮಾದರಿಯಲ್ಲೂ ಎಸ್ ಶಾಫ್ಟು ಆರ್‌ಗಿಂತ ಕೆಲವು ಗ್ರಾಂ ಭಾರವಿರುತ್ತದೆ. 50 ಗ್ರಾಂನ ಆರ್ ತೆಗೆದು 65 ಗ್ರಾಂನ ಎಸ್ ಹಾಕಿದಾಗ ಹೊಡೆತ ಸುಧಾರಿಸಿದರೆ, ಸುಧಾರಿಸಿದ್ದು ಬಿರುಸಿನಿಂದಲೋ 15 ಗ್ರಾಂನಿಂದಲೋ? ತಿಳಿಯುವ ದಾರಿ ಒಂದೇ: ಒಂದೇ ತೂಕ, ಎರಡು ಬಿರುಸು, ಆಮೇಲೆ ಒಂದೇ ಬಿರುಸು, ಎರಡು ತೂಕ. ಅದೇ ಹೆಡ್ಡು, ಅದೇ ಉದ್ದ, ಅದೇ ಗ್ರಿಪ್ಪು.

ತಿರುಚು ಮತ್ತು ತುದಿಯ ಬಿರುಸಿನ ಬಗ್ಗೆ ಚಿಕ್ಕದಾಗಿ: ಡ್ರೈವರ್ ಶಾಫ್ಟಿನ ಟಾರ್ಕ್, ಅಂದರೆ ಅದು ತಿರುಚಿಕೊಳ್ಳುವ ಅಳತೆ, 3ರಿಂದ 6 ಡಿಗ್ರಿಯ ಆಸುಪಾಸು. ಕಡಿಮೆಯಾದಷ್ಟು ಕೈಗೆ ಗಟ್ಟಿ ಅನ್ನಿಸುತ್ತದೆ. ಕೆಳತುದಿ ಮೆದುವಾದರೆ ಚೆಂಡು ಎತ್ತರಕ್ಕೆ, ಬಿರುಸಾದರೆ ತಗ್ಗಿಗೆ. ಶಾಫ್ಟ್ ಸ್ವಲ್ಪವೇ ಮೆದು ಎನಿಸಿದರೆ ಹೊಸತು ಕೊಳ್ಳದೆ ಕೆಳತುದಿಯಿಂದ ಅರ್ಧದಿಂದ ಒಂದು ಇಂಚು ಕತ್ತರಿಸಿ ಮತ್ತೆ ಕೂರಿಸಬಹುದು. ಉದ್ದಕ್ಕೆ ಗ್ರಿಪ್ಪಿನ ಕಡೆ ಜಾಗ ಉಳಿದಿರಬೇಕು. ತುದಿ ಮೊನಚಾಗುತ್ತ ಹೋಗುವ ಬಗೆಯ ಐರನ್ ಶಾಫ್ಟನ್ನು ಹೀಗೆ ಕತ್ತರಿಸಬಾರದು, ಹೆಡ್ಡಿನ ರಂಧ್ರಕ್ಕೆ ಕೂರುವುದೇ ಇಲ್ಲ. ಮೇಲ್ತುದಿಯಿಂದ ಕತ್ತರಿಸಿದರೆ ಬಿರುಸು ಹೆಚ್ಚುವುದು ನಾಮಮಾತ್ರ.

ದಾರಿ ತಪ್ಪಿಸುವ ನಾಲ್ಕು ಸಂಗತಿಗಳು

ಡ್ರೈವರಿನ ಮುಖ ಉಬ್ಬಾಗಿದೆ, ಗುರುತ್ವ ಕೇಂದ್ರ ಒಳಗೆ ದೂರದಲ್ಲಿದೆ. ಟೋಗೆ ತಾಗಿದ ಚೆಂಡು ಹಲ್ಲುಗಾಲಿಗಳಂತೆ ಎದುರು ಸುತ್ತಿ ಎಡಕ್ಕೆ ಬಾಗುತ್ತದೆ, ಹೀಲಿಗೆ ತಾಗಿದ್ದು ಬಲಕ್ಕೆ. ಹೀಲಿನ ಬಾಗನ್ನು ‘ಬಿರುಸು ಶಾಫ್ಟು’ ಎಂದು ಓದುವುದೇ ಅತಿ ಸಾಮಾನ್ಯ ತಪ್ಪು. ಪುಡಿ ಹಾಕದವರಿಗೆ ಇದು ಎಂದೂ ಕಾಣುವುದಿಲ್ಲ.

ಗ್ರಿಪ್ ದಪ್ಪವಾದರೆ ಕೈ ತಿರುಗುವುದು ತಡವಾಗಿ ಚೆಂಡು ಬಲಕ್ಕೆ ವಾಲುತ್ತದೆ, ತೆಳುವಾದರೆ ಎಡಕ್ಕೆ. ಗ್ರಿಪ್ಪಿನಡಿ ಮಾಸ್ಕಿಂಗ್ ಟೇಪಿನ ಒಂದು ಸುತ್ತಿನಿಂದಲೂ ವ್ಯತ್ಯಾಸ ಗೊತ್ತಾಗುತ್ತದೆ. ಎಡಗೈಯಲ್ಲಿ ಹಿಡಿದಾಗ ನಡುವಿನ ಎರಡು ಬೆರಳ ತುದಿಗಳು ಹೆಬ್ಬೆರಳ ಬುಡದ ದಿಂಬಿಗೆ ಮೆಲ್ಲಗೆ ತಾಗಬೇಕು.

ಐರನ್‌ಗಳಲ್ಲಿ ಲೈ. ಅಡಿಭಾಗಕ್ಕೆ ಟೇಪ್ ಅಂಟಿಸಿ ಗಟ್ಟಿ ಹಲಗೆಯ ಮೇಲಿಂದ ಹೊಡೆದರೆ ಉಜ್ಜಿದ ಗುರುತು ಬೀಳುತ್ತದೆ. ಹೀಲಿನ ಕಡೆ ಬಿದ್ದರೆ ಕ್ಲಬ್ ತೀರಾ ನೆಟ್ಟಗಿದೆ, ಚೆಂಡು ಎಡಕ್ಕೆ. ಟೋ ಕಡೆ ಬಿದ್ದರೆ ತೀರಾ ಚಪ್ಪಟೆ, ಚೆಂಡು ಬಲಕ್ಕೆ. ಲಾಫ್ಟ್ ಹೆಚ್ಚಿದ ಕ್ಲಬ್ಬಿನಲ್ಲಿ ಇದರ ಪರಿಣಾಮವೂ ಹೆಚ್ಚು. 4 ನಂಬರ್ ಸರಿಯಿದ್ದು 9 ನಂಬರ್ ಎಡಕ್ಕೆ ಹೋಗುತ್ತಿದ್ದರೆ ಮೊದಲು ಇದನ್ನೇ ನೋಡಿ.

ಬಿಚ್ಚಿ ಜೋಡಿಸುವ ಡ್ರೈವರಿನಲ್ಲಿ ಲಾಫ್ಟ್ ಏರಿಸಿದರೆ ನೆಲಕ್ಕಿಟ್ಟಾಗ ಮುಖ ಮುಚ್ಚಿಕೊಳ್ಳುತ್ತದೆ. ಎತ್ತರ ಬೇಕೆಂದು ಒಂದು ಗುರುತು ಏರಿಸಿದವರಿಗೆ ಎಡಕ್ಕೆ ಹೋಗುವ ಚೆಂಡು ಉಚಿತವಾಗಿ ಸಿಗುತ್ತದೆ, ಪಾಪ ಶಾಫ್ಟಿನ ಮೇಲೆ ಬೈಗುಳ.

ಒಂದು ಕ್ಲಬ್ ಮಾತ್ರ ತಪ್ಪುತ್ತಿದ್ದರೆ

ಇಡೀ ಬ್ಯಾಗಿನ ಶಾಫ್ಟ್ ತೂಕಗಳನ್ನು ಸಾಲಾಗಿ ಬರೆಯಿರಿ. ಡ್ರೈವರಿನಿಂದ ವೆಜ್‌ವರೆಗೆ ಕ್ಲಬ್ ಗಿಡ್ಡವಾದಂತೆ ತೂಕ ಏರುತ್ತ ಹೋಗಬೇಕು: ಡ್ರೈವರ್ 60, ಫೇರ್‌ವೇ ವುಡ್ 70, ಹೈಬ್ರಿಡ್ (ವುಡ್ ಮತ್ತು ಐರನ್ ನಡುವಿನ ಬಗೆ) 80, ಐರನ್ 105 ಎಂಬಂತೆ. ಹೈಬ್ರಿಡ್ ಒಂದೇ ಎಡಕ್ಕೆ ಹೋಗುತ್ತದೆ ಎನ್ನುವವರ ಬ್ಯಾಗಿನಲ್ಲಿ ಹೆಚ್ಚಾಗಿ ಕಾಣುವುದು 120 ಗ್ರಾಂನ ಸ್ಟೀಲ್ ಐರನ್‌ಗಳ ಪಕ್ಕದಲ್ಲಿ 60 ಗ್ರಾಂನ ಹೈಬ್ರಿಡ್. 5 ನಂಬರ್ ಐರನ್ ಬೀಸಿ ಬಂದ ಕೈಗೆ ಅದು ಕಡ್ಡಿಯಂತಿರುತ್ತದೆ, ಅದೇ ಬಲದಲ್ಲಿ ಬೀಸಿದರೆ ಹೆಡ್ಡು ಕೈಯನ್ನು ದಾಟಿಹೋಗುತ್ತದೆ. ಅಲ್ಲಿ 80–85 ಗ್ರಾಂನ ಶಾಫ್ಟು ಹಾಕಿದರೆ ಬಿರುಸಿನ ಅಕ್ಷರ ಬದಲಿಸದೆಯೂ ಎಡದ ಚೆಂಡು ಕಡಿಮೆಯಾಗುತ್ತದೆ. ಐರನ್ ಹೆಡ್ಡುಗಳು ನಂಬರಿಗೆ ಸುಮಾರು 7 ಗ್ರಾಂ ಏರುತ್ತ ಹೋಗುವುದು ಅರ್ಧರ್ಧ ಇಂಚಿನ ಗಿಡ್ಡತನವನ್ನು ತುಂಬಲೆಂದೇ. ಸೆಟ್ಟಿನ ನಡುವೆ ಒಂದೇ ಐರನ್ ತಪ್ಪುತ್ತಿದ್ದರೆ ಅದರ ಉದ್ದವನ್ನು ಅಳೆದು, ಪಕ್ಕದ ಎರಡರ ಜೊತೆ ತೂಗಿ. 5 ಗ್ರಾಂಗಿಂತ ಹೆಚ್ಚು ಏರುಪೇರಿದ್ದರೆ ಅದೇ ಕಾರಣ.

ಸೀಸದ ಟೇಪು ಅಂಟಿಸಿ ಸ್ಪರ್ಧೆಯಲ್ಲಿ ಆಡಬಹುದು, ಆದರೆ ರೌಂಡ್ ಶುರುವಾಗುವ ಮೊದಲೇ ಅಂಟಿಸಿರಬೇಕು. ರೌಂಡಿನ ನಡುವೆ ಬೇಕೆಂದೇ ಟೇಪ್ ಸೇರಿಸಿ ಇಲ್ಲವೇ ಕಿತ್ತು, ತಿರುಪಿನ ತೂಕ ಬದಲಿಸಿ, ಲಾಫ್ಟ್ ತಿರುಗಿಸಿ ಆ ಕ್ಲಬ್ಬಿನಿಂದ ಹೊಡೆದರೆ ಅನರ್ಹತೆ. ಹಾಗಾಗಿ ರೇಂಜಿನಲ್ಲಿ ತೂಕ ಗೊತ್ತಾದ ಕೂಡಲೇ ಟೇಪಿನ ಅಂಚನ್ನು ಉಗುರಿನಿಂದ ತಿಕ್ಕಿ ಕೂರಿಸಿ, ಅದು ಸುರುಳಿ ಬಿಚ್ಚದಂತೆ ಮೇಲೊಂದು ಪಾರದರ್ಶಕ ಟೇಪ್ ಹಾಕಿ, ಎಷ್ಟು ಗ್ರಾಂ ಎಂದು ಹಾಳೆಯ ಮೇಲೆ ಬರೆದಿಡಿ.